ಅಂಗಡಿಯ ಡಬ್ಬಿಗೆ ಸುದ್ದಿ ಮುಟ್ಟಿಸುವವರು ಯಾರು?

ಹಾಲಿನ ಬೂತು, ಹೂವಿನ ಬುಟ್ಟಿ, ಎಳನೀರಿನ ಗಾಡಿ, ಇಸ್ತ್ರಿ ಅಂಗಡಿ, ಪಾನಿಪುರಿಯ ತಳ್ಳುಗಾಡಿ. ಈಗ ಯಾವುದರ ಮುಂದೆ ನಿಂತರೂ ಮೂಲೆಯಲ್ಲಿ ಕೂತ ಒಂದು ಪುಟ್ಟ ಡಬ್ಬಿ ಇದ್ದಕ್ಕಿದ್ದಂತೆ ಬಾಯಿ ಬಿಡುತ್ತದೆ: ‘ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ’. ಹತ್ತು ವರ್ಷದ ಹಿಂದೆ ಈ ದನಿ ನಮ್ಮ ಬೀದಿಗಳಲ್ಲಿ ಇರಲಿಲ್ಲ. ಈಗ ಅದು ಕಿವಿಗೆ ಎಷ್ಟು ಒಗ್ಗಿದೆ ಎಂದರೆ, ಡಬ್ಬಿ ಸುಮ್ಮನಿದ್ದರೆ ಗಿರಾಕಿಯೇ ಗಾಬರಿಯಾಗಿ ಮೊಬೈಲು ತಿರುಗಿಸಿ ತೋರಿಸುತ್ತಾನೆ.

ಆರನೇ ತರಗತಿಯ ನನ್ನ ಮೊಮ್ಮಗಳು ಇದರ ಬಗ್ಗೆ ಕೇಳಿದ ಪ್ರಶ್ನೆ ನೇರವಾಗಿತ್ತು. ‘ತಾತ, ದುಡ್ಡು ಹೋಗಿದ್ದು ಬ್ಯಾಂಕಿಗೆ. ಬ್ಯಾಂಕು ಇರೋದು ಸರ್ಕಲ್ ಹತ್ರ. ಈ ಡಬ್ಬಿಗೆ ವೈರೂ ಇಲ್ಲ. ಹಾಗಾದ್ರೆ ಇದಕ್ಕೆ ಹೇಳಿದ್ದು ಯಾರು?’ ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡಲಾಗುವುದಿಲ್ಲ. ಹುಡುಕುತ್ತಾ ಹೋದಂತೆ ಇದು ಡಬ್ಬಿಯ ಕಥೆ ಮಾತ್ರವಲ್ಲ, ಹೊಸ ಬಗೆಯ ಒಂದು ವ್ಯಾಪಾರದ ಕಥೆ ಎಂದು ಗೊತ್ತಾಯಿತು.

ಮೊದಲು ಅಂಗಡಿಯ ಗೋಡೆಗೆ ಅಂಟಿಸಿದ ಕಪ್ಪು ಬಿಳಿ ಚೌಕವನ್ನು ನೋಡಿ. ಅದು ಕ್ಯೂಆರ್ ಕೋಡ್. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಎಂಬ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರಾ ಅದನ್ನು ರೂಪಿಸಿದ್ದು ಹಣಕ್ಕಾಗಿ ಅಲ್ಲ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಕಪ್ಪು ಬಿಳಿ ಕಾಯಿಗಳನ್ನು ಇಟ್ಟು ಆಡುವ ‘ಗೊ’ ಎಂಬ ಆಟದ ಮಣೆ ಅದಕ್ಕೆ ಸ್ಫೂರ್ತಿ. ಪೇಟೆಂಟ್ ಇದ್ದರೂ ಕಂಪನಿ ಅದನ್ನು ಬಳಸುವವರಿಂದ ಹಣ ಕೇಳಲಿಲ್ಲ. ಹಾಗಾಗಿಯೇ ಅದು ಜಪಾನಿನ ಕಾರ್ಖಾನೆಯಿಂದ ನಮ್ಮ ಸೊಪ್ಪಿನ ಗಾಡಿಯವರೆಗೆ ಬಂತು. ಆ ಚೌಕದೊಳಗೆ ಹಣವಿಲ್ಲ. ಅಂಗಡಿಯವರ ಯುಪಿಐ ವಿಳಾಸ ಮತ್ತು ಹೆಸರು ಇರುತ್ತದೆ, ಅಷ್ಟೇ. ಮನೆಯ ಬಾಗಿಲಿಗೆ ಹಾಕಿದ ನಾಮಫಲಕ ಇದ್ದಂತೆ.

ನೀವು ಮೊಬೈಲಿನಲ್ಲಿ ಅದನ್ನು ಸ್ಕ್ಯಾನ್ ಮಾಡಿ, 40 ಎಂದು ಒತ್ತಿ, ಪಿನ್ ಹಾಕುತ್ತೀರಿ. ಆ ಸಂದೇಶ ಹೋಗುವುದು ರಾಷ್ಟ್ರೀಯ ಪಾವತಿ ನಿಗಮ ನಡೆಸುವ ಯುಪಿಐ ವ್ಯವಸ್ಥೆಗೆ. 2016ರಲ್ಲಿ ಶುರುವಾದ ಈ ವ್ಯವಸ್ಥೆ ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ನಡುವೆ ಕುಳಿತಿರುತ್ತದೆ. ನಿಮ್ಮ ಬ್ಯಾಂಕನ್ನು ಕೇಳುತ್ತದೆ: ಪಿನ್ ಸರಿ ಇದೆಯೇ, ಖಾತೆಯಲ್ಲಿ ಹಣವಿದೆಯೇ? ಇದ್ದರೆ 40 ರೂಪಾಯಿ ಕಳೆ. ಅಂಗಡಿಯವರ ಬ್ಯಾಂಕಿಗೆ ಹೇಳುತ್ತದೆ: 40 ರೂಪಾಯಿ ಜಮಾ ಮಾಡಿಕೊ. ಎರಡೂ ಕಡೆಯಿಂದ ‘ಆಯಿತು’ ಎಂಬ ಉತ್ತರ ಬಂದ ಮೇಲೆ, ಅಂಗಡಿಗೆ ಆ ಚೌಕವನ್ನು ಕೊಟ್ಟ ಕಂಪನಿಯ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಈ ವಿಳಾಸ ಯಾವ ಅಂಗಡಿಯದು, ಆ ಅಂಗಡಿಯಲ್ಲಿರುವ ಡಬ್ಬಿಯ ಸಂಖ್ಯೆ ಏನು ಎಂದು ಆ ಕಂಪ್ಯೂಟರ್ ತನ್ನ ಪಟ್ಟಿಯಲ್ಲಿ ನೋಡುತ್ತದೆ. ನೋಡಿ, ಆ ಡಬ್ಬಿಗೊಂದು ಸಣ್ಣ ಸಂದೇಶ ಕಳಿಸುತ್ತದೆ.

ವೈರಿಲ್ಲದ ಡಬ್ಬಿಗೆ ಸಂದೇಶ ತಲುಪುವುದು ಹೇಗೆ? ಅದರ ಹೊಟ್ಟೆಯಲ್ಲಿ ನಮ್ಮ ಮೊಬೈಲಿನಲ್ಲಿ ಇರುವಂಥದ್ದೇ ಒಂದು ಸಿಮ್ ಇದೆ. ಜೊತೆಗೆ ಒಂದು ಸಣ್ಣ ಬ್ಯಾಟರಿ, ಒಂದು ಸ್ಪೀಕರ್, ಒಂದು ಪುಟ್ಟ ಚಿಪ್. ‘ಸುದ್ದಿ ಇದೆಯಾ, ಸುದ್ದಿ ಇದೆಯಾ’ ಎಂದು ಅದು ಪದೇ ಪದೇ ಕೇಳುತ್ತಾ ಕೂರುವುದಿಲ್ಲ. ಹಾಗೆ ಮಾಡಿದರೆ ಬ್ಯಾಟರಿಯೂ ಡೇಟಾವೂ ಬೇಗ ಖಾಲಿ. ಕಂಪನಿಯ ಕಂಪ್ಯೂಟರಿಗೆ ಒಂದು ದಾರಿ ತೆರೆದಿಟ್ಟುಕೊಂಡು, ಆಗಾಗ ‘ಹಾಜರ್ ಸಾರ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಇಂಥ ಮಿತಭಾಷೆಗಳಲ್ಲಿ ತುಂಬ ಬಳಕೆಯಲ್ಲಿರುವುದು ಎಂಕ್ಯೂಟಿಟಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು ಅದನ್ನು ರೂಪಿಸಿದ್ದು ದೂರದ ತೈಲ ಕೊಳವೆಗಳ ಮೇಲೆ ಕಣ್ಣಿಡಲು. ಅಲ್ಲಿಂದ ಉಪಗ್ರಹದ ಮೂಲಕ ಸುದ್ದಿ ಬರಬೇಕಿತ್ತು, ಒಂದೊಂದು ಅಕ್ಷರಕ್ಕೂ ದುಡ್ಡು. ಟೆಲಿಗ್ರಾಂ ಕಳಿಸಿದ ಹಿರಿಯರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ‘ಸುಖ ಪ್ರಸವ ಗಂಡು ಮಗು’ ಎಂದು ನಾಲ್ಕೇ ಪದಗಳಲ್ಲಿ ಮುಗಿಸುತ್ತಿದ್ದ ಕಾಲ ಅದು.

ಸರಿ, ಡಬ್ಬಿಗೆ 40 ಎಂಬ ಸಂಖ್ಯೆ ಬಂತು. ಅದನ್ನು ಕನ್ನಡದಲ್ಲಿ ಹೇಳಬೇಕಲ್ಲ? ರೈಲು ನಿಲ್ದಾಣದ ಪ್ರಕಟಣೆಯನ್ನು ನೆನಪಿಸಿಕೊಳ್ಳಿ. ಮೊದಲೇ ಧ್ವನಿಮುದ್ರಿಸಿದ ತುಣುಕುಗಳನ್ನು ಒಂದಕ್ಕೊಂದು ಪೋಣಿಸಿ ವಾಕ್ಯ ಮಾಡುವುದು ಒಂದು ಸುಲಭದ ದಾರಿ. ನಾನು ಮತ್ತು ಮೊಮ್ಮಗಳು ಒಂದು ಭಾನುವಾರ ಕೂತು ಲೆಕ್ಕ ಹಾಕಿದೆವು: 1ರಿಂದ 99,999 ರೂಪಾಯಿವರೆಗೆ ಎಲ್ಲ ಮೊತ್ತಗಳನ್ನೂ ಕನ್ನಡದಲ್ಲಿ ಹೇಳಲು ಎಷ್ಟು ತುಣುಕು ಬೇಕು? ಒಂದರಿಂದ ತೊಂಬತ್ತೊಂಬತ್ತರವರೆಗೆ 99. ಇವನ್ನು ಒಡೆಯಲಾಗದು, ಏಕೆಂದರೆ ನಾವು ‘ಇಪ್ಪತ್ತು ಒಂದು’ ಎನ್ನುವುದಿಲ್ಲ, ‘ಇಪ್ಪತ್ತೊಂದು’ ಎನ್ನುತ್ತೇವೆ. ನೂರು, ಇನ್ನೂರು, ಮುನ್ನೂರು ಎಂದು ಒಂಬೈನೂರರವರೆಗೆ 9. ಆದರೆ ಮುಂದೆ ಬೇರೆ ಸಂಖ್ಯೆ ಬಂದಾಗ ‘ಇನ್ನೂರು’ ಹೋಗಿ ‘ಇನ್ನೂರ’ ಆಗುತ್ತದಲ್ಲ, ಅದಕ್ಕೆ ಇನ್ನೂ 9. ‘ಸಾವಿರ’ ಒಂದು, ‘ಸಾವಿರದ’ ಇನ್ನೊಂದು. ಕೊನೆಗೆ ‘ರೂಪಾಯಿ ಸ್ವೀಕರಿಸಲಾಗಿದೆ’ ಎಂಬುದು ಒಂದು. ಒಟ್ಟು 120. ಬರೀ 120 ತುಣುಕುಗಳಲ್ಲಿ ಒಂದು ಲಕ್ಷಕ್ಕೆ ಒಂದು ಕಡಿಮೆ ಮೊತ್ತಗಳು! ನಿಮ್ಮ ಮನೆಯಲ್ಲಿ ಬೇರೆ ಭಾಷೆ ಬಲ್ಲವರಿದ್ದರೆ ಅದರಲ್ಲೂ ಎಣಿಸಿ ನೋಡಿ. ಹಿಂದಿಯಲ್ಲಿ ಇನ್ನೂ ಕಡಿಮೆ ಸಾಕು. ಯಾಕೆ ಎನ್ನುವುದನ್ನು ನಾನು ಹೇಳುವುದಿಲ್ಲ.

ದನಿಯಲ್ಲೂ ಪೈಪೋಟಿ ಇದೆ. ಬೆಂಗಳೂರಿನ ಫೋನ್‌ಪೇ ಕಂಪನಿ 2024ರಲ್ಲಿ ತನ್ನ ಡಬ್ಬಿಗಳಿಗೆ ನಟ ಕಿಚ್ಚ ಸುದೀಪ್ ಅವರ ಕನ್ನಡ ದನಿಯನ್ನು ಕೊಟ್ಟಿತು. ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಆಗಲೇ ಮಾತಾಡುತ್ತಿದ್ದರು.

ಇನ್ನು ‘ಕ್ಲೌಡ್’ ಎಂಬ ಮಾತು. ಡಬ್ಬಿಗೆ ಸಂದೇಶ ಕಳಿಸುವ ಕಂಪ್ಯೂಟರ್ ಕ್ಲೌಡ್‌ನಲ್ಲಿದೆ ಎನ್ನುತ್ತಾರೆ. ಹೆಸರು ಮೋಡ, ಇರುವುದು ನೆಲದ ಮೇಲೆ. ಸಾವಿರಾರು ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿ, ಬಿಸಿಯಾಗದಂತೆ ತಂಪು ಮಾಡಿ, ಕರೆಂಟು ಹೋದರೆ ಇರಲಿ ಎಂದು ಜನರೇಟರ್ ಇಟ್ಟ ದೊಡ್ಡ ದೊಡ್ಡ ಕಟ್ಟಡಗಳು ಅವು. ಮುಂಬೈ, ಹೈದರಾಬಾದ್, ಚೆನ್ನೈಗಳಲ್ಲಿ ಇಂಥವು ಇವೆ. ಪಾವತಿಯ ಮಾಹಿತಿಯನ್ನು ಭಾರತದಲ್ಲೇ ಇಡಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಆದ್ದರಿಂದ ನಿಮ್ಮ 40 ರೂಪಾಯಿಯ ಸುದ್ದಿ ಈ ನೆಲದ ಯಾವುದೋ ಕಟ್ಟಡದಲ್ಲೇ ಉಳಿದಿದೆ.

ಅಜ್ಜಿಯರಿಗೆ ನಾನು ಇದನ್ನು ಹಿಟ್ಟಿನ ಗಿರಣಿಯ ಉದಾಹರಣೆ ಕೊಟ್ಟು ಹೇಳುತ್ತೇನೆ. ಮೊದಲು ಪ್ರತಿ ಮನೆಯಲ್ಲೂ ಬೀಸುಕಲ್ಲು ಇತ್ತು. ಆಮೇಲೆ ಊರಿಗೊಂದು ಗಿರಣಿ ಬಂತು. ಗಿರಣಿಯನ್ನು ಯಾರೂ ಮನೆಗೆ ಕೊಳ್ಳಲಿಲ್ಲ. ರಾಗಿ ಹೊತ್ತುಕೊಂಡು ಹೋಗಿ, ಸೇರಿಗಿಷ್ಟು ಎಂದು ಕೊಟ್ಟು, ಬೀಸಿಸಿಕೊಂಡು ಬಂದರು. ಕಂಪ್ಯೂಟರಿಗೂ ಹೀಗೇ ಆಯಿತು. ಒಂದು ಕಂಪನಿ ಶುರು ಮಾಡಬೇಕೆಂದರೆ ಮೊದಲು ಕೋಣೆ ತುಂಬ ಕಂಪ್ಯೂಟರ್ ಕೊಳ್ಳಬೇಕಿತ್ತು. 2006ರಲ್ಲಿ ಅಮೆಜಾನ್ ಕಂಪನಿ ತನ್ನ ಕಂಪ್ಯೂಟರುಗಳ ಬಲವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಆರಂಭಿಸಿತು. ಹಬ್ಬದ ಹಿಂದಿನ ದಿನ ಹೆಚ್ಚು ಬೇಕೆಂದರೆ ಹೆಚ್ಚು, ಮರುದಿನ ಕಡಿಮೆ. ದೇಶದಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2000 ಕೋಟಿಗೂ ಹೆಚ್ಚು ಯುಪಿಐ ವಹಿವಾಟು ನಡೆದಿದೆ. ಇಷ್ಟನ್ನು ಬೀಸುಕಲ್ಲಿನಲ್ಲಿ ಬೀಸಲಾಗದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಮಾಡುವ ಕಂಪನಿಗೆ ಸಿಗುವುದೇನು? 2020ರ ಜನವರಿ 1ರಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನೀವು 40 ಕೊಟ್ಟರೆ ಅಂಗಡಿಗೆ 40 ಪೂರ್ತಿ ಸೇರುತ್ತದೆ. ಹಣ ಸಾಗಿಸುವ ಕೆಲಸ ಪುಕ್ಕಟೆ ಆದ ಮೇಲೆ ಸಂಪಾದನೆ ಬೇರೆ ಕಡೆಯಿಂದ ಬರಬೇಕಲ್ಲವೇ? ಅದು ಈ ಡಬ್ಬಿಯಿಂದ ಬಂತು. 2019ರಲ್ಲಿ ಪೇಟಿಎಂ ಇಂಥ ಡಬ್ಬಿಯನ್ನು ಅಂಗಡಿಗಳಿಗೆ ತಂದಿತು, ಉಳಿದವರು ಹಿಂದೆಯೇ ಬಂದರು. ಅಂಗಡಿಯವರು ಸಾಮಾನ್ಯವಾಗಿ ಡಬ್ಬಿಯನ್ನು ಕೊಳ್ಳುವುದಿಲ್ಲ, ತಿಂಗಳ ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಬೀದಿಯ ದಿನಸಿ ಅಂಗಡಿಯ ಅಕ್ಕ ಕೊಡುವುದು ನೂರು ರೂಪಾಯಿಯ ಆಸುಪಾಸು. ಅವರು ಬಾಡಿಗೆ ಕೊಡುತ್ತಿರುವುದು ಪ್ಲಾಸ್ಟಿಕ್ ಡಬ್ಬಿಗಲ್ಲ. ‘ದುಡ್ಡು ನಿಜವಾಗಿ ಬಂತು’ ಎಂಬ ಒಂದು ಮಾತಿಗೆ.

ಆ ಮಾತಿಗೆ ಬೆಲೆ ಇದೆಯೇ ಎಂದು ನಾನು ಅವರನ್ನೇ ಕೇಳಿದೆ. ‘ಮೇಷ್ಟ್ರೇ, ಕೈಯೆಲ್ಲ ಎಣ್ಣೆ, ಎದುರಿಗೆ ಆರು ಜನ. ಮೆಸೇಜು ನೋಡ್ಕೊಂಡು ನಿಂತ್ರೆ ವ್ಯಾಪಾರ ಆಗುತ್ತಾ?’ ಎಂದರು. ಡಬ್ಬಿ ಬರುವ ಮುನ್ನ ಕೆಲವರು ಹಳೆಯ ಪಾವತಿಯ ಚಿತ್ರವನ್ನೋ, ನಕಲಿ ಆ್ಯಪಿನ ಹಸಿರು ಟಿಕ್ ಗುರುತನ್ನೋ ತೋರಿಸಿ ಸಾಮಾನು ಹೊತ್ತು ನಡೆದದ್ದುಂಟು. ಸಂಜೆ ಖಾತೆ ನೋಡಿದಾಗಲೇ ಗೊತ್ತಾಗುತ್ತಿದ್ದುದು. ದಿನಕ್ಕೆ ಐನೂರು ಉಳಿಯುವ ಅಂಗಡಿಯಲ್ಲಿ ಮುನ್ನೂರರ ಮೋಸವೆಂದರೆ ಸಣ್ಣದಲ್ಲ. ನನ್ನ ಮಟ್ಟಿಗೆ ಆ ನೂರು ರೂಪಾಯಿ ಹೆಚ್ಚಲ್ಲ. ಆದರೆ ಬಾಡಿಗೆಯ ಕರಾರು ಅಂಗಡಿಯವರು ಓದಬಲ್ಲ ಭಾಷೆಯಲ್ಲಿ ಇರಬೇಕು ಎನ್ನುವುದರಲ್ಲಿ ನಾನು ಹಟವಾದಿ. ಬಳಸದೆ ಮೂಲೆಗಿಟ್ಟ ಡಬ್ಬಿಗೂ ತಿಂಗಳ ದುಡ್ಡು ಕತ್ತರಿಸುತ್ತಾರೆಯೇ, ವಾಪಸು ಕೊಡುವುದು ಹೇಗೆ ಎಂಬುದನ್ನು ತೆಗೆದುಕೊಳ್ಳುವ ದಿನವೇ ಕೇಳಿಕೊಳ್ಳಬೇಕು.

ಡಬ್ಬಿ ಮೌನವಾಗಿದ್ದೂ ಸುಳಿವು ಕೊಡಬಲ್ಲದು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಕಳ್ಳರು ರಾತ್ರೋರಾತ್ರಿ ಹಲವು ಅಂಗಡಿಗಳ ಕ್ಯೂಆರ್ ಕೋಡ್ ಮೇಲೆ ತಮ್ಮದನ್ನು ಅಂಟಿಸಿದ್ದರು. ಹೀಗಾದಾಗ ಗಿರಾಕಿಯ ಹಣವೇನೋ ಹೋಗುತ್ತದೆ, ಅಂಗಡಿಯ ಡಬ್ಬಿ ಮಾತ್ರ ಬಾಯಿ ಬಿಡುವುದಿಲ್ಲ. ಹಣ ಕೊಡುವವರೂ ಪಿನ್ ಒತ್ತುವ ಮೊದಲು ಪರದೆಯ ಮೇಲೆ ಬಂದ ಹೆಸರನ್ನು ಓದಿದರೆ ಒಳ್ಳೆಯದು. ಅಜ್ಜ ಅಜ್ಜಿಯರು ಗೋಡೆಗೆ ಬರೆದಿಟ್ಟುಕೊಳ್ಳಬೇಕಾದ ಇನ್ನೊಂದು ಮಾತಿದೆ: ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ. ‘ನಿಮಗೆ ದುಡ್ಡು ಬರುತ್ತೆ, ಪಿನ್ ಒತ್ತಿ’ ಎಂದು ಯಾರೇ ಫೋನಿನಲ್ಲಿ ಹೇಳಿದರೂ ಆ ಕರೆಯನ್ನು ಅಲ್ಲಿಗೇ ಕತ್ತರಿಸಿ.

ದೂರದ ವಸ್ತು ತನ್ನ ಸ್ಥಿತಿಯನ್ನು ತಾನೇ ತಿಳಿಸುವ ಕಲ್ಪನೆ ಹೊಸದೇನಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿದ್ಯಾರ್ಥಿಗಳಿಗೊಂದು ಕಷ್ಟವಿತ್ತು. ಮೆಟ್ಟಿಲಿಳಿದು ಕೋಕ್ ಯಂತ್ರದ ಹತ್ತಿರ ಹೋದರೆ ಅದು ಖಾಲಿ, ಇಲ್ಲವೇ ಬಾಟಲಿ ಇನ್ನೂ ಬಿಸಿ. ಅವರು ಆ ಯಂತ್ರದ ದೀಪಗಳಿಗೆ ತಂತಿ ಜೋಡಿಸಿ ಕಂಪ್ಯೂಟರಿಗೆ ಸೇರಿಸಿದರು. ಆಮೇಲೆ ಕುರ್ಚಿಯಲ್ಲಿ ಕೂತೇ ಯಾವ ಸಾಲಿನಲ್ಲಿ ತಣ್ಣನೆಯ ಬಾಟಲಿ ಇದೆ ಎಂದು ನೋಡಬಹುದಾಯಿತು. ಸೋಮಾರಿತನದಿಂದಲೂ ಒಳ್ಳೆಯ ಕೆಲಸವಾಗುತ್ತದೆ. (ಮಕ್ಕಳೇ, ಇದನ್ನು ನಿಮ್ಮ ತರಗತಿಯ ಮೇಷ್ಟ್ರಿಗೆ ಹೇಳಬೇಡಿ.)

ವಸ್ತುವನ್ನು ಮಾರದೆ ಅದರ ಕೆಲಸವನ್ನು ಮಾರುವ ವ್ಯಾಪಾರ ಇನ್ನೂ ಹಳೆಯದು. 1962ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸಿಡ್ಲಿ ಕಂಪನಿ ತನ್ನ ವೈಪರ್ ಎಂಬ ವಿಮಾನದ ಎಂಜಿನ್ನಿನ ರಿಪೇರಿ, ಬಿಡಿಭಾಗ ಎಲ್ಲವನ್ನೂ ತಾನೇ ನೋಡಿಕೊಂಡು, ಹಾರಿದ ಗಂಟೆಗೆ ಇಷ್ಟು ಎಂದು ಹಣ ಪಡೆಯತೊಡಗಿತು. ಮುಂದೆ ಆ ಕಂಪನಿಯನ್ನು ಕೊಂಡ ರೋಲ್ಸ್ ರಾಯ್ಸ್ ಇದನ್ನು ಬೆಳೆಸಿತು. ಈಗ ಹಾರುವ ಎಂಜಿನ್ ತನ್ನ ಬಿಸಿ, ನಡುಕಗಳ ಸುದ್ದಿಯನ್ನು ನೆಲಕ್ಕೆ ಕಳಿಸುತ್ತದೆ. ವಿಮಾನ ಇಳಿಯುವ ಮೊದಲೇ ಯಾವ ಭಾಗ ಬದಲಿಸಬೇಕೆಂದು ಹೇಳಬಹುದು. ಹಳ್ಳಿಯ ಕಡೆ ಪಂಪ್‌ಸೆಟ್ಟಿಗೆ ಹಾಕುವ ಮೊಬೈಲ್ ಸ್ಟಾರ್ಟರ್ ಕೂಡ ಇದೇ ಬಳಗದ್ದು. ಪುಣೆಯಲ್ಲಿ ರೂಪುಗೊಂಡ ‘ನ್ಯಾನೊ ಗಣೇಶ್’ ಅದರಲ್ಲಿ ಹೆಸರಾದದ್ದು. ರಾತ್ರಿ ಎರಡಕ್ಕೆ ತ್ರೀಫೇಸ್ ಕರೆಂಟು ಬಂದರೆ ಟಾರ್ಚು ಹಿಡಿದು, ಹಾವಿಗೆ ಹೆದರುತ್ತಾ ಗದ್ದೆ ಬದುವಿನಲ್ಲಿ ನಡೆಯುವ ಬದಲು ಹಾಸಿಗೆಯಲ್ಲೇ ಕೂತು ಫೋನಿನಿಂದ ಮೋಟರು ಹಾಕಬಹುದು.

ಅಂಗಡಿಯ ಡಬ್ಬಿಗೆ ಹಿಂತಿರುಗೋಣ. ಅದು ಮಾತಾಡಿ ಮರೆತುಬಿಡುತ್ತದೆ, ಆದರೆ ಅದರ ಹಿಂದಿರುವ ಕಂಪ್ಯೂಟರ್ ಮರೆಯುವುದಿಲ್ಲ. ನಮ್ಮ ತಂದೆಯ ಕಾಲದಲ್ಲಿ ಅಂಗಡಿಯ ಕಿರ್ದಿ ಪುಸ್ತಕ ಗಲ್ಲಾಪೆಟ್ಟಿಗೆಯ ಕೆಳಗೆ ಇರುತ್ತಿತ್ತು. ಅದನ್ನು ಯಜಮಾನರಲ್ಲದೆ ಬೇರೆಯವರು ಮುಟ್ಟುವಂತಿರಲಿಲ್ಲ. ಈಗಿನ ಕಿರ್ದಿ ತಾನಾಗಿಯೇ ಬರೆದುಕೊಳ್ಳುತ್ತದೆ, ಅದೂ ಬೇರೆಯವರ ಕಟ್ಟಡದಲ್ಲಿ. ಯಾವ ದಿನ ವ್ಯಾಪಾರ ಹೆಚ್ಚು, ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ, ಯುಗಾದಿಗೆ ಎಷ್ಟು ಬಂತು, ಎಲ್ಲ ಅಲ್ಲಿದೆ. ಇದರಿಂದಲೇ ಇನ್ನೊಂದು ಸೇವೆ ಹುಟ್ಟಿತು: ಸಾಲ. ಜಮೀನಿನ ಪತ್ರ, ಜಾಮೀನುದಾರ ಏನೂ ಇಲ್ಲದ ಅಂಗಡಿಯವರಿಗೂ, ದಿನದ ವಹಿವಾಟು ನೋಡಿ ಹಣಕಾಸು ಸಂಸ್ಥೆಗಳು ಸಾಲ ಕೊಡುತ್ತವೆ. ಕಂತನ್ನು ಪ್ರತಿದಿನದ ವ್ಯಾಪಾರದಿಂದಲೇ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುತ್ತವೆ. ಮೀಟರ್ ಬಡ್ಡಿಯವರ ಕೈಯಿಂದ ತಪ್ಪಿಸಿಕೊಂಡರೆ ಸಂತೋಷವೇ. ಆದರೆ ಬಡ್ಡಿ ಎಷ್ಟು ಎಂದು ವರ್ಷದ ಲೆಕ್ಕದಲ್ಲಿ ಕೇಳಿ. ‘ದಿನಕ್ಕೆ ಇಷ್ಟೇ’ ಎಂಬ ಮಾತು ಯಾವಾಗಲೂ ಹಗುರವಾಗಿ ಕೇಳಿಸುತ್ತದೆ.

ಆ ಕಿರ್ದಿಯನ್ನು ಇನ್ನೊಬ್ಬರೂ ಓದಿದರು. 2025ರ ಜುಲೈ ತಿಂಗಳು ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೆನಪಿರುತ್ತದೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿಯ ಆಧಾರದ ಮೇಲೆ ಸಾವಿರಾರು ಮಂದಿಗೆ ನೋಟಿಸ್ ಕಳಿಸಿತು. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಸರಕು ಮಾರಿದರೆ, ಸೇವೆಯಾದರೆ 20 ಲಕ್ಷ ದಾಟಿದರೆ, ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ತೂಗಿತು. ಕ್ಯೂಆರ್ ಚೌಕಗಳನ್ನು ಕಿತ್ತರು.

ಇಲ್ಲಿ ಒಂದು ಸೂಕ್ಷ್ಮವಿದೆ, ಮಕ್ಕಳೂ ಗಮನಿಸಿ. ಡಬ್ಬಿಗೆ ‘ಎಷ್ಟು’ ಎಂದು ಗೊತ್ತು, ‘ಏತಕ್ಕೆ’ ಎಂದು ಗೊತ್ತಿಲ್ಲ. ಹಾಲು, ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಅಣ್ಣ ವಾಪಸು ಕೊಟ್ಟ ಕೈಸಾಲ ವ್ಯಾಪಾರವೇ ಅಲ್ಲ. ಚೀಟಿ ಹಣವೂ ಅಲ್ಲ. ಆದರೆ ಡಬ್ಬಿಯ ಬಾಯಲ್ಲಿ ಎಲ್ಲವೂ ಒಂದೇ: ಇಷ್ಟು ರೂಪಾಯಿ ಸ್ವೀಕರಿಸಲಾಗಿದೆ. ಹೀಗಾಗಿ ಬರೀ ಹಾಲು ತರಕಾರಿ ಮಾರುವವರಿಗೂ ನೋಟಿಸ್ ಹೋಗಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ವಿನಾಯಿತಿ ಇರುವ ಸರಕು ಮಾರುವವರಿಂದ ತೆರಿಗೆ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿಗೆ ಕೈ ಹಾಕುವುದಿಲ್ಲ ಎಂದು ಭರವಸೆ ಕೊಟ್ಟ ಮೇಲೆ ಬಿಸಿ ಇಳಿಯಿತು. ತೆರಿಗೆ ಕೊಡಬೇಕಾದವರು ಕೊಡಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ‘ಏತಕ್ಕೆ’ ಎಂಬ ಅರ್ಧ ಲೆಕ್ಕ ಅಂಗಡಿಯವರ ಕೈಯಲ್ಲೇ ಉಳಿದಿದೆ. ಅದನ್ನು ಅವರು ಬರೆದಿಡದಿದ್ದರೆ ಉಳಿದರ್ಧವೇ ಪೂರ್ತಿ ಲೆಕ್ಕವೆಂದು ತೋರುತ್ತದೆ. ನಮ್ಮ ದಿನಸಿ ಅಂಗಡಿಯ ಅಕ್ಕ ಈಗ ಇನ್ನೂರು ಪುಟದ ನೋಟ್‌ಬುಕ್ಕಿಗೆ ನಡುವೆ ಗೆರೆ ಎಳೆದಿದ್ದಾರೆ. ಎಡಕ್ಕೆ ಹಾಲು, ಸೊಪ್ಪು, ತರಕಾರಿ. ಬಲಕ್ಕೆ ಸೋಪು, ಬಿಸ್ಕತ್ತು, ಉಳಿದದ್ದು. ರಾತ್ರಿ ಅಂಗಡಿ ಮುಚ್ಚುವ ಮುನ್ನ ಹತ್ತು ನಿಮಿಷದ ಕೆಲಸ.

ಇಷ್ಟು ಜನ, ಇಷ್ಟು ಕಟ್ಟಡ, ಇಷ್ಟು ಕಂಪ್ಯೂಟರುಗಳ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಡಬ್ಬಿ ಮೂಕ. 2025ರ ಏಪ್ರಿಲ್ 12ರಂದು ಯುಪಿಐ ದೇಶದ ಹಲವೆಡೆ ಕೆಲಕಾಲ ಕೈಕೊಟ್ಟಿತ್ತು. ಕಳೆದ ಮಳೆಗಾಲದಲ್ಲಿ ಮರ ಬಿದ್ದು ನಮ್ಮ ಬಡಾವಣೆಗೆ ಒಂದು ಸಂಜೆ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಡಬ್ಬಿಯ ದೀಪ ಬ್ಯಾಟರಿಯಲ್ಲಿ ಉರಿಯುತ್ತಿತ್ತು, ಹೇಳಲು ಅದರ ಬಳಿ ಏನೂ ಇರಲಿಲ್ಲ. ನನ್ನ ಜೇಬಿನಲ್ಲಿ ಎರಡು ಹತ್ತರ ನಾಣ್ಯ. ಬೇಕಾಗಿದ್ದು ಮೇಣದ ಬತ್ತಿ, ಬೆಂಕಿಪೊಟ್ಟಣ, ಅರ್ಧ ಲೀಟರ್ ಹಾಲು. ಅಂಗಡಿಯ ಅಕ್ಕ ಉದ್ರಿ ಪುಸ್ತಕ ತೆಗೆದು, ‘ಮೇಷ್ಟ್ರು’ ಎಂದು ಬರೆದು ಮುಂದೆ 64 ಎಂದು ಹಾಕಿಕೊಂಡರು. ಮರುದಿನ ಬೆಳಿಗ್ಗೆ ಕೊಟ್ಟೆ, ಹೊಡೆದುಹಾಕಿದರು.